ಹಳೆ ಬ್ಲಾಕಿಗೆ ರೋಲರ್ ಟ್ಯಾಪೆಟ್: ಕುಮಟಾ-ಹೊನ್ನಾವರ-ಭಟ್ಕಳ ಆವೃತ್ತಿಯ ಕೈಪಿಡಿ

ಯಾರು ಓದಬೇಕು

ಈ ಕೈಪಿಡಿ ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಇಂಜಿನ್ನಿಗೆ ರೋಲರ್ ಟ್ಯಾಪೆಟ್ ಹಾಕಿಸಿಯೇ ಸಿದ್ಧ ಎಂದು ಹಟ ಹಿಡಿದವರಿಗೆ. ಅಂಥವರು ಕುಮಟಾದಿಂದ ಭಟ್ಕಳದವರೆಗೆ ಎಷ್ಟು ಮಂದಿ ಇದ್ದಾರು ಎಂದು ಕೇಳಬೇಡಿ. ತೋಟದ ಬದಿಗೆ ತಗಡಿನ ಮಾಡು ಕಟ್ಟಿ, ಅಪ್ಪನ ಕಾಲದ ಬಿಳಿ ಕಾರನ್ನು ನಿಲ್ಲಿಸಿಕೊಂಡು, ಗುಜರಿಯವ ಬಂದಾಗಲೆಲ್ಲ 'ಕೊಡೂದಿಲ್ಲ' ಎಂದು ಹಿಂದೆ ಕಳಿಸುವವರು ಊರಿಗೊಬ್ಬರಾದರೂ ಇದ್ದಾರೆ. ಉತ್ತರಪಾಡಾದ ಕಾರ್ಖಾನೆ 2014ರಲ್ಲಿ ಅಂಬಾಸಿಡರ್ ಮಾಡುವುದನ್ನು ನಿಲ್ಲಿಸಿದ ಮೇಲೆ ಇವರ ಹಟ ಇನ್ನಷ್ಟು ಗಟ್ಟಿಯಾಗಿದೆ. ರಾತ್ರಿ ಮೊಬೈಲಿನಲ್ಲಿ ಯಾವನೋ ಅಮೆರಿಕದವನು ತನ್ನ ವಿ8 ಇಂಜಿನ್ನಿನ ಹೊಟ್ಟೆ ಬಗೆಯುವುದನ್ನು ನೋಡುತ್ತಾರೆ. ಬೆಳಿಗ್ಗೆ ಚಾ ಕುಡಿಯುವ ಮೊದಲೇ ಮಿಸ್ತ್ರಿಯ ಎದುರು ಬಂದು ನಿಲ್ಲುತ್ತಾರೆ. ಕೈಪಿಡಿ ಇವರಿಗೂ ಹೌದು, ಆ ಮಿಸ್ತ್ರಿಗೂ ಹೌದು.

ಯಾರು ಓದಬೇಕಿಲ್ಲ

ಜಾವಾ, ಯೆಜ್ಡಿ ಇಟ್ಟುಕೊಂಡವರು ಇಲ್ಲಿಗೇ ಮುಚ್ಚಿಡಬಹುದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಆ ಟೂ-ಸ್ಟ್ರೋಕ್ ಗಾಡಿಯಲ್ಲಿ ಇಂಥ ವಾಲ್ವೇ ಇಲ್ಲ. ಇಲ್ಲದ ವಾಲ್ವಿಗೆ ಟ್ಯಾಪೆಟ್ ಎಲ್ಲಿಂದ ಬರಬೇಕು. ಟ್ರ್ಯಾಕ್ಸ್ ಓಡಿಸುವವರಿಗೂ ಇದರ ಅಗತ್ಯವಿಲ್ಲ: ಮರ್ಸಿಡಿಸ್ ಮೂಲದ ಓಎಂ 616 ಇಂಜಿನ್ನಿನಲ್ಲಿ ಕ್ಯಾಮ್ ಇರುವುದು ಬ್ಲಾಕಿನಲ್ಲಲ್ಲ, ತಲೆಯ ಮೇಲೆ. ಮಾರುತಿ 800ರ ಕಥೆಯೂ ಅದೇ. ತೊಂಬತ್ತರ ದಶಕದಲ್ಲಿ ಅಂಬಾಸಿಡರಿಗೇ ಬಂದ ಇಸುಜು ಇಂಜಿನ್ನಿನದೂ ಅದೇ. ಬಾನೆಟ್ ಎತ್ತಿ ನೋಡದೆ ಬ್ಲಾಕ್ ಬಿಚ್ಚಲು ಹೊರಟವರನ್ನು ಈ ಕೈಪಿಡಿ ಕಾಪಾಡಲಾರದು.

ತೆಂಗಿನಗುಂಡಿ, ಕಾಸರಕೋಡು, ತದಡಿಯ ಬೋಟಿನವರ ವಿಷಯ ಬೇರೆ. ಲಾರಿಯಿಂದ ಇಳಿಸಿ ಬೋಟಿಗೆ ಹತ್ತಿಸಿದ ಲೇಲ್ಯಾಂಡ್ 370, 400 ಇಂಜಿನ್ನುಗಳಲ್ಲಿ ಇರುವುದು ಹಳೇ ಉಜ್ಜುವ ಟ್ಯಾಪೆಟ್ಟೇ. (370, 400 ಎಂದರೆ ಘನ ಇಂಚಿನ ಲೆಕ್ಕ, ದೊಡ್ಡದು ಆರೂವರೆ ಲೀಟರ್ ಆಸುಪಾಸು.) ತಾಂತ್ರಿಕವಾಗಿ ಅವರೂ ಇದನ್ನು ಓದಬಹುದು. ಆದರೆ ಅವರಿಗೆ ಕೆಲಸವಿದೆ. ನಿಮ್ಮ ಯೋಜನೆ ಕೇಳಿ ಅವರು ನಕ್ಕರೆ ಬೇಜಾರು ಮಾಡಿಕೊಳ್ಳಬೇಡಿ. ಮುಂದೆ ಅವರಿಂದಲೇ ಎಣ್ಣೆಯ ವಿಚಾರ ಕೇಳಬೇಕಾಗುತ್ತದೆ.

ಟ್ಯಾಪೆಟ್ ಎಂಬುದು ಮಾಡುವ ಕೆಲಸ

ಕ್ಯಾಮ್‌ಶಾಫ್ಟ್ ತಿರುಗಿದಂತೆ ಅದರ ಉಬ್ಬು ಟ್ಯಾಪೆಟ್ಟನ್ನು ಎತ್ತುತ್ತದೆ. ಟ್ಯಾಪೆಟ್ ಪುಶ್‌ರಾಡನ್ನು, ಪುಶ್‌ರಾಡ್ ರಾಕರನ್ನು, ರಾಕರ್ ವಾಲ್ವನ್ನು. ಹಳೆ ಇಂಜಿನ್ನಿನಲ್ಲಿ ಟ್ಯಾಪೆಟ್ಟಿನ ತಳ ಕ್ಯಾಮಿನ ಉಬ್ಬಿಗೆ ಉಜ್ಜಿಕೊಂಡೇ ಮೇಲೇರುತ್ತದೆ. ಒಂದೇ ಜಾಗ ಸವೆಯದಿರಲೆಂದು ಟ್ಯಾಪೆಟ್ ತನ್ನ ಬೋರಿನೊಳಗೆ ನಿಧಾನಕ್ಕೆ ಸುತ್ತುತ್ತಲೂ ಇರುತ್ತದೆ. ಆ ಸುತ್ತು ನಿಂತಿತೋ, ಉಬ್ಬು ಬೋಳಾಗಲು ಹೆಚ್ಚು ದಿನ ಬೇಡ.

ರೋಲರ್ ಟ್ಯಾಪೆಟ್ಟಿನ ತಳದಲ್ಲಿ ಸೂಜಿ ಬೇರಿಂಗಿನ ಮೇಲೆ ಕೂತ ಪುಟ್ಟ ಚಕ್ರವಿದೆ. ಉಜ್ಜುವುದಿಲ್ಲ, ಉರುಳುತ್ತದೆ. ದೋಣಿಯನ್ನು ಮರಳಿನ ಮೇಲಕ್ಕೆ ಎಳೆಯುವಾಗ ಅಡಿಗೆ ದಿಮ್ಮಿ ಯಾಕೆ ಇಡುತ್ತಾರೆಂದು ಕಂಡವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ. ದಿಮ್ಮಿ ಯಾವಾಗಲೂ ಅಡ್ಡಕ್ಕೇ ಇರಬೇಕು, ಉದ್ದಕ್ಕೆ ತಿರುಗಿದರೆ ದೋಣಿಯೂ ಹೋಯಿತು ಕಾಲೂ ಹೋಯಿತು ಎಂಬುದನ್ನೂ ಅವರು ಕಂಡಿರುತ್ತಾರೆ. ಅಂದರೆ ಹಳೆ ಟ್ಯಾಪೆಟ್ ಸುತ್ತಲೇಬೇಕು, ಹೊಸ ಟ್ಯಾಪೆಟ್ ಸುತ್ತಲೇಬಾರದು. ಈ ಕೈಪಿಡಿಯ ಮುಕ್ಕಾಲು ಪಾಲು ತೊಂದರೆ ಇದೊಂದರಿಂದಲೇ ಹುಟ್ಟುತ್ತದೆ.

ಇದು ಬೇಕೇ ಎಂಬ ಪ್ರಶ್ನೆ

ಕೈಪಿಡಿಗಳು ಈ ಪ್ರಶ್ನೆ ಎತ್ತುವ ವಾಡಿಕೆ ಇಲ್ಲ. ಕೇಳುವವಳು ಮನೆಯಾಕೆ. ಉತ್ತರ ಸಿದ್ಧವಿರಲಿ ಎಂಬ ಕಾರಣಕ್ಕೆ ಇಲ್ಲಿ ಕೊಟ್ಟಿದೆ.

1955ರಲ್ಲಿ ಅಮೆರಿಕದಲ್ಲಿ ಬಂದ ಷೆವ್ರೊಲೆ ಸ್ಮಾಲ್ ಬ್ಲಾಕ್ ವಿ8 ಇಂಜಿನ್ ಮೂವತ್ತೆರಡು ವರ್ಷ ಉಜ್ಜುವ ಟ್ಯಾಪೆಟ್ಟಿನಲ್ಲೇ ಓಡಿ 1987ರಲ್ಲಿ ರೋಲರಿಗೆ ಬದಲಾಯಿತು. ಫೋರ್ಡಿನ 5 ಲೀಟರ್ ಇಂಜಿನ್ 1985ರಲ್ಲೇ ಬದಲಾಗಿತ್ತು. ಮೈಲೇಜಿನ ಒತ್ತಡ ಒಂದು ಕಾರಣ. ಹಳೆ ಇಂಜಿನ್ನಿನವರಿಗೆ ಆಮೇಲೆ ಇನ್ನೊಂದು ಕಾರಣ ಸಿಕ್ಕಿತು: ಎಣ್ಣೆ. ಉಜ್ಜುವ ಟ್ಯಾಪೆಟ್ಟನ್ನು ಕಾಯುವುದು ಇಂಜಿನ್ ಆಯಿಲಿನಲ್ಲಿರುವ ಸತು ಮತ್ತು ರಂಜಕದ ಒಂದು ಸಂಯುಕ್ತ. ಅದೇ ರಂಜಕ ಹೊಸ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ. ಹಾಗಾಗಿ 2004ರ ಎಸ್‌ಎಂ ದರ್ಜೆಯ ತೆಳು ಎಣ್ಣೆಗಳಲ್ಲಿ ರಂಜಕ ಶೇಕಡ 0.08 ಮೀರಬಾರದೆಂದು ಮಿತಿ ಹಾಕಿದರು. ಹೊಸ ಎಣ್ಣೆ ಹಳೆ ಕ್ಯಾಮನ್ನು ತಿನ್ನುತ್ತದೆ ಎಂಬ ಕೂಗು ಅಮೆರಿಕದಲ್ಲಿ ಎದ್ದಿತು. ಹಳೆ ಬ್ಲಾಕಿಗೆ ರೋಲರ್ ಹಾಕಿಸಿಕೊಳ್ಳುವವರಿಗೆ ಒಂದು ಗಟ್ಟಿ ನೆಪವಾಯಿತು.

ಈಗ ನಮ್ಮ ಕರಾವಳಿಗೆ ಬನ್ನಿ. ಇಲ್ಲಿ ಬಂದರದ ಹತ್ತಿರದ ಯಾವ ಎಣ್ಣೆ ಅಂಗಡಿಯಲ್ಲಾದರೂ ಬೋಟಿಗೆಂದು 15ಡಬ್ಲ್ಯು-40 ಡೀಸೆಲ್ ಇಂಜಿನ್ ಆಯಿಲ್ ಬಕೆಟ್ಟುಗಟ್ಟಲೆ ಇರುತ್ತದೆ. ಸಿಐ-4 ದರ್ಜೆಯದಕ್ಕೆ ಆ ರಂಜಕದ ಮಿತಿ ಅನ್ವಯಿಸುವುದಿಲ್ಲ. ಸತು, ರಂಜಕ ಧಾರಾಳ. ಅಂಬಾಸಿಡರಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದಿದ್ದರೆ, ಆ ಎಣ್ಣೆಯನ್ನೇ ಸುರಿದು ಹೊತ್ತಿಗೆ ಸರಿಯಾಗಿ ಬದಲಿಸುತ್ತಿದ್ದರೆ ಹಳೆ ಟ್ಯಾಪೆಟ್ಟಿಗೆ ಯಾವ ಭಯವೂ ಇಲ್ಲ. ಅಮೆರಿಕದವರು ಸಾವಿರಾರು ಡಾಲರ್ ಸುರಿದು ಪರಿಹರಿಸಿಕೊಂಡ ಸಮಸ್ಯೆಗೆ ತೆಂಗಿನಗುಂಡಿಯ ಬೋಟಿನವರ ಎಣ್ಣೆ ಡಬ್ಬಿಯಲ್ಲೇ ಮದ್ದಿದೆ. ಮನೆಯಾಕೆಗೆ ಈ ಪ್ಯಾರಾ ಓದಿ ಹೇಳಬೇಡಿ.

ಮೊದಲ ಪರೀಕ್ಷೆ: ಶಬ್ದ ಎಲ್ಲಿಂದ

ರೋಲರಿನ ಆಸೆ ಬಹುಪಾಲು ಹುಟ್ಟುವುದು ಟ್ಯಾಪೆಟ್ ಶಬ್ದದಿಂದ. ಆದರೆ ಈ ಇಂಜಿನ್ನಿನಲ್ಲಿ ಟ್ಯಾಪೆಟ್ ಶಬ್ದ ಎಂದು ಕರೆಯುವುದನ್ನು ಹೆಚ್ಚಾಗಿ ಮಾಡುವುದು ಟ್ಯಾಪೆಟ್ಟೇ ಅಲ್ಲ. ರಾಕರ್ ಶಾಫ್ಟ್ ಅಡಿಭಾಗದಲ್ಲಿ ಸವೆದಿರುತ್ತದೆ, ಬುಷ್ ಅಂಡಾಕಾರಕ್ಕೆ ತಿರುಗಿರುತ್ತದೆ, ರಾಕರಿನ ಮೂಗು ವಾಲ್ವಿಗೆ ಬಡಿದು ಬಡಿದು ಸಣ್ಣ ಗುಳಿ ಬಿದ್ದಿರುತ್ತದೆ.

ಹಳೇ ಮಿಸ್ತ್ರಿ ಇದನ್ನು ಪರೀಕ್ಷಿಸುವುದನ್ನು ಪಕ್ಕದಲ್ಲಿ ನಿಂತು ನೋಡಬೇಕು. ಮೊದಲು ಒಂಬತ್ತರ ಲೆಕ್ಕ. ಎಂಟು ವಾಲ್ವುಗಳಲ್ಲಿ ಒಂದನೆಯದು ಪೂರ್ತಿ ಕೆಳಗಿಳಿದಾಗ ಎಂಟನೆಯದನ್ನು ಹೊಂದಿಸಬೇಕು. ಮೂರು ಇಳಿದರೆ ಆರು, ಐದು ಇಳಿದರೆ ನಾಲ್ಕು, ಎರಡು ಇಳಿದರೆ ಏಳು, ಹೀಗೆ ಎರಡೂ ಸೇರಿ ಯಾವಾಗಲೂ ಒಂಬತ್ತು. ಪುಸ್ತಕ ಬೇಡ, ಗುರುತು ಬೇಡ. ಹ್ಯಾಂಡಲ್ ತಿರುಗಿಸುವ ಹುಡುಗನಿಗೆ 'ಹಾಂ, ಸಾಕು' ಎನ್ನುತ್ತ ಮಿಸ್ತ್ರಿ ಹದಿನೈದು ಥೌ ಬ್ಲೇಡನ್ನು ಮೂಗಿನಡಿಗೆ ತೂರಿಸುತ್ತಾನೆ. ಥೌ ಎಂದರೆ ಇಂಚಿನ ಸಾವಿರದ ಒಂದು ಪಾಲು. ಬ್ಲೇಡ್ ಬಿಗಿಯಾಗಿ ಹೋಯಿತು, ಅಳತೆ ಸರಿ. ಆದರೂ ಸ್ಟಾರ್ಟ್ ಮಾಡಿದರೆ ಟಕಟಕ. ಯಾಕೆಂದರೆ ಬ್ಲೇಡ್ ಗುಳಿಯ ಎರಡು ದಡದ ಮೇಲೆ ಸೇತುವೆ ಹಾಕಿ ಕೂತಿದೆ, ಗುಳಿಯ ಆಳವನ್ನು ಅಳೆದೇ ಇಲ್ಲ. ಮಿಸ್ತ್ರಿಗೆ ಇದು ಗೊತ್ತು. ಅವನು ಬ್ಲೇಡ್ ಬದಿಗಿಟ್ಟು ರಾಕರನ್ನು ಹೆಬ್ಬೆರಳು-ತೋರುಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನಿಮ್ಮ ಮುಖ ನೋಡುತ್ತಾನೆ.

ಅಲ್ಲಾಡಿದರೆ ಶಾಫ್ಟು, ಬುಷ್ಷು ಬದಲಿಸಿ. ಬ್ಲಾಕಿಗೆ ಕೈ ಹಾಕುವುದು ಬೇಡ. ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿದು ಇಂಜಿನ್ ಸುಮ್ಮನಾಗುತ್ತದೆ. ಓದುಗರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೈಪಿಡಿ ಇಲ್ಲಿಗೆ ಮುಗಿಯಬೇಕು. ಮುಗಿಯುವುದಿಲ್ಲ ಎಂಬುದು ನಮಗೂ ಗೊತ್ತು.

ಕಾಲ ನಿರ್ಣಯ

ಜೂನ್ 1ರಿಂದ ಜುಲೈ 31ರವರೆಗೆ ಬೇಡ. ಆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಡದಲ್ಲಿ, ಬೋಟಿನ ಇಂಜಿನ್ನುಗಳೆಲ್ಲ ಲೇತಿನವರ ಅಂಗಳದಲ್ಲಿ. ನಿಮ್ಮ ಅಂಬಾಸಿಡರ್ ಬ್ಲಾಕನ್ನು ಅಲ್ಲಿಗೆ ಒಯ್ದರೆ ಅದು ಸಾಲಿನ ತುದಿಯಲ್ಲಿ ಕೂರುತ್ತದೆ. ಇನ್ನೂ ಕೆಟ್ಟದ್ದೆಂದರೆ, ಹೊಸದಾಗಿ ಕೊರೆದ ಬೀಡು ಕಬ್ಬಿಣ ನಮ್ಮ ಮಳೆಗಾಲದ ಉಪ್ಪುಗಾಳಿಯಲ್ಲಿ ಒಂದೇ ರಾತ್ರಿಗೆ ಕೆಂಪಗಾಗುತ್ತದೆ.

ದೀಪಾವಳಿ ಕಳೆದ ಮೇಲೆ ಒಳ್ಳೆಯದು. ಆಗ ಆಟದ ಮೇಳಗಳೂ ತಿರುಗಾಟಕ್ಕೆ ಹೊರಟಿರುತ್ತವೆ ಎಂಬುದೊಂದು ಅಪಾಯ. ಬೆಳಗಿನ ಜಾವದವರೆಗೆ ಯಕ್ಷಗಾನ ನೋಡಿ ಬಂದ ಲೇತಿನವನ ಕೈಗೆ ಬ್ಲಾಕ್ ಕೊಡಬೇಡಿ. ಹಿಂದಿನ ರಾತ್ರಿ ಊರಲ್ಲಿ ಆಟವಿತ್ತೇ ಎಂದು ವಿಚಾರಿಸಿಕೊಂಡು ಹೋಗಿ.

ಸಾಮಾನು ಸಂಗ್ರಹ

ಈ ಇಂಜಿನ್ನಿಗೆಂದೇ ಮಾಡಿದ ರೋಲರ್ ಟ್ಯಾಪೆಟ್ ಈ ಮೂರು ಊರಿನ ಅಂಗಡಿಗಳಲ್ಲಿ ಸಿಗುವುದಿಲ್ಲ. ಕುಮಟಾದ ಅಂಗಡಿಯಲ್ಲಿ ಕೇಳಿದರೆ ಹುಬ್ಬಳ್ಳಿ ಎನ್ನುತ್ತಾರೆ, ಹುಬ್ಬಳ್ಳಿಯವರು ಬೆಂಗಳೂರಿನ ಜೆ.ಸಿ. ರೋಡ್ ಎನ್ನುತ್ತಾರೆ, ಜೆ.ಸಿ. ರೋಡಿನವರು 'ಯಾವ ಗಾಡಿ ಅಂದ್ರಿ?' ಎಂದು ಎರಡನೇ ಸಲ ಕೇಳುತ್ತಾರೆ. ಭಟ್ಕಳದ ದಾರಿ ಚಿಕ್ಕದು. ದುಬೈ, ಶಾರ್ಜಾದಲ್ಲಿ ಯಾರೂ ಇಲ್ಲದ ಮನೆ ಭಟ್ಕಳದಲ್ಲಿ ಹುಡುಕಬೇಕು. ಶಾರ್ಜಾದ ಹಳೆ ಸ್ಪೇರ್ ಪಾರ್ಟ್ಸ್ ಮಾರುಕಟ್ಟೆಯಲ್ಲಿ ಷೆವ್ರೊಲೆಯಂಥ ಅಮೆರಿಕದ ವಿ8 ಸಾಮಾನಿಗೇನು ಬರ. ಅಳಿಯನೋ ತಮ್ಮನೋ ರಜೆಗೆ ಬರುವಾಗ ಖರ್ಜೂರ, ಟ್ಯಾಂಗ್ ಡಬ್ಬಿಯ ನಡುವೆ ಒಂದು ಸೆಟ್ ಬಂದಿಳಿಯುತ್ತದೆ.

ಬಂದ ಮೇಲೆ ಮೂರು ವಿಷಯ ಗಮನಿಸಿ. ಒಂದು, ಸೆಟ್ಟಿನಲ್ಲಿ ಹದಿನಾರು ಇರುತ್ತವೆ, ನಿಮಗೆ ಬೇಕಾದದ್ದು ಎಂಟು. ಉಳಿದೆಂಟನ್ನು ಮಾರಲು ಇನ್ನೊಬ್ಬ ಅಂಬಾಸಿಡರಿನವನ ತಲೆ ಕೆಡಿಸಬೇಕು. ಈ ಕೈಪಿಡಿಗೆ ಓದುಗರು ಹೆಚ್ಚುವುದು ಹೀಗೆ. ಎರಡು, ಅವು ಹೈಡ್ರಾಲಿಕ್ ಆಗಿದ್ದರೆ ಹಿಂದಕ್ಕೆ ಕಳಿಸಿ. ಹೈಡ್ರಾಲಿಕ್ ಟ್ಯಾಪೆಟ್ಟಿಗೆ ಒತ್ತಡದ ಎಣ್ಣೆ ಬೋರಿಗೇ ಬರಬೇಕು, ನಿಮ್ಮ ಬ್ಲಾಕಿನಲ್ಲಿ ಅಲ್ಲಿಗೆ ಅಂಥ ಎಣ್ಣೆ ದಾರಿಯೇ ಇಲ್ಲ. ಸಾಲಿಡ್ ರೋಲರ್ ಮಾತ್ರ ನಡೆಯುತ್ತದೆ. ಮೂರು, ಷೆವ್ರೊಲೆ ಟ್ಯಾಪೆಟ್ಟಿನ ವ್ಯಾಸ 0.842 ಇಂಚು, ನಿಮ್ಮ ಬೋರು 13/16 ಇಂಚು, ಅಂದರೆ 0.8125. ವ್ಯತ್ಯಾಸ ಹತ್ತಿರ ಹತ್ತಿರ ಮೂವತ್ತು ಥೌ, ಮುಕ್ಕಾಲು ಮಿಲಿಮೀಟರ್. ಇದನ್ನು ಕೇಳಿ ಮಿಸ್ತ್ರಿ 'ಇದೆಲ್ಲ ಎಂತಕೆ ಮಾರಾಯ?' ಎಂದರೆ ಮುಂದಿನ ಹಂತಕ್ಕೆ ಹೋಗಿ.

ಹಂತ 1: ಬಿಚ್ಚುವುದು

ರೇಡಿಯೇಟರ್, ಗೇರ್‌ಬಾಕ್ಸ್ ಕಳಚಿ, ಹಲಸಿನ ಮರಕ್ಕೆ ಚೈನ್ ಪುಲ್ಲಿ ಕಟ್ಟಿ ಇಂಜಿನ್ ಎತ್ತಿ. ತೆಂಗಿನ ಮರ ಬೇಡ, ಕಟ್ಟಲು ಅದಕ್ಕೆ ಕೊಂಬೆ ಇಲ್ಲ. ಹೇಳಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ. ಮ್ಯಾನಿಫೋಲ್ಡ್ ತೆಗೆದರೆ ಬ್ಲಾಕಿನ ಬದಿಯಲ್ಲಿ ಎರಡು ತಗಡಿನ ಮುಚ್ಚಳ. ಅವುಗಳ ಹಿಂದೆ ಎಂಟು ಟ್ಯಾಪೆಟ್ಟುಗಳು ಸಾಲಾಗಿ ಕೂತಿವೆ. ಪುಶ್‌ರಾಡ್ ಎಳೆದು, ಟ್ಯಾಪೆಟ್ಟುಗಳನ್ನು ಒಂದೊಂದಾಗಿ ಹೊರತೆಗೆದು, ಯಾವುದು ಎಲ್ಲಿನದೆಂದು ಒಂದರಿಂದ ಎಂಟರವರೆಗೆ ನಂಬರ್ ಹಾಕಿಡಿ. ಉಜ್ಜುವ ಟ್ಯಾಪೆಟ್ ತನ್ನ ಉಬ್ಬಿನ ಜೊತೆಗೇ ಸವೆದು ಹೊಂದಿಕೊಂಡಿರುತ್ತದೆ. ಬೇರೆ ಉಬ್ಬಿಗೆ ಹಾಕಿದರೆ ಎರಡೂ ಕೆಡುತ್ತವೆ. 'ಇನ್ನು ಇವು ಯಾಕೆ?' ಎಂದು ಕೇಳಬೇಡಿ, ನಂಬರ್ ಹಾಕಿ.

ಹಂತ 2: ಕೊರೆಯುವುದು

ಎಂಟು ಬೋರುಗಳನ್ನು ಮೂವತ್ತು ಥೌ ದೊಡ್ಡದು ಮಾಡಬೇಕು. ಒಂದು-ಒಂದೂವರೆ ಥೌ ಸಂದು ಉಳಿಯಬೇಕು, ಎಂಟೂ ಕ್ಯಾಮಿಗೆ ನೇರ ಲಂಬವಾಗಿರಬೇಕು. ಇದು ಡ್ರಿಲ್ ಮಷೀನಿನ ಕೆಲಸವಲ್ಲ. ಯಾರಾದರೂ 'ಆಗ್ತದೆ, ಬಿಟ್ಟು ಹೋಗಿ' ಎಂದರೆ ಬಿಟ್ಟು ಹೋಗಬೇಡಿ. ಇಂಜಿನ್ ನಂಬರ್ ಇರುವುದು ಈ ಬ್ಲಾಕಿಗೇ. ಬ್ಲಾಕ್ ಹಾಳಾಗಿ ಇನ್ನೊಂದು ತಂದರೆ ಕೆಎ 47 ಪ್ಲೇಟಿನ ಆರ್‌ಸಿ ಹಿಡಿದು ಹೊನ್ನಾವರದ ಆರ್‌ಟಿಓ ಕಚೇರಿಗೆ ಹೋಗಬೇಕಾಗುತ್ತದೆ. ಟ್ಯಾಪೆಟ್ಟಿಗೆ ಆರ್‌ಸಿಯಲ್ಲಿ ಕಾಲಮ್ಮಿಲ್ಲ, ಇಂಜಿನ್ ನಂಬರಿಗೆ ಇದೆ.

ಹಂತ 3: ಕಟ್ಟಿಹಾಕುವುದು

ಬೋರಿನೊಳಗೆ ಸುತ್ತದಂತೆ ಎರಡೆರಡು ಟ್ಯಾಪೆಟ್ಟುಗಳನ್ನು ಒಂದು ಪಟ್ಟಿಯಿಂದ ಜೋಡಿಸಬೇಕು. ಷೆವ್ರೊಲೆ ಪಟ್ಟಿಯ ಅಂತರ ನಿಮ್ಮ ಬೋರುಗಳಿಗೆ ಕೂರುವುದಿಲ್ಲ, ಹೊಸದು ಮಾಡಿಸಬೇಕು. ಮಿಸ್ತ್ರಿಗೆ ಇದನ್ನು ವಿಡಿಯೋ ತೋರಿಸಿ ವಿವರಿಸುವುದು ದಂಡ. ಬೋಟಿನ ಇಂಜಿನ್ನಿನ ಮೈಕೋ ಪಂಪ್ ನೆನಪಿಸಿ. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕೋದ ಇನ್‌ಲೈನ್ ಫ್ಯುಯೆಲ್ ಪಂಪಿನೊಳಗೆ ಪ್ಲಂಜರನ್ನು ಎತ್ತುವುದು ರೋಲರ್ ಟ್ಯಾಪೆಟ್ಟೇ. ಅದು ತಿರುಗದಂತೆ ತಡೆಯೂ ಅದರೊಳಗೇ ಇದೆ. ಕಮಿನ್ಸಿನ ದೊಡ್ಡ ಎನ್‌ಟಿ ಇಂಜಿನ್ನುಗಳಲ್ಲಿ ಕ್ಯಾಮಿನ ಮೇಲೆ ಓಡುವುದೂ ರೋಲರೇ. ಅಮೆರಿಕದ ಹೊಸ ವಿದ್ಯೆ ಎಂದು ನೀವು ತಂದದ್ದನ್ನು ಪಂಪ್ ಮಿಸ್ತ್ರಿ ನಲವತ್ತು ವರ್ಷದಿಂದ ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದಾನೆ. ಅವನು ಒಮ್ಮೆ 'ಓ, ಇದಾ' ಎಂದನೆಂದರೆ ಪಟ್ಟಿ ಸರಿಯಾಗಿಯೇ ಬರುತ್ತದೆ.

ಹಂತ 4: ಕ್ಯಾಮ್

ಹಳೆ ಕ್ಯಾಮಿನ ಮೇಲೇ ರೋಲರ್ ಓಡಿಸುವ ಆಸೆ ಬೇಡ. ಅದು ಬೀಡು ಕಬ್ಬಿಣದ್ದು. ಅಗಲ ತಳ ಹಂಚಿಕೊಳ್ಳುತ್ತಿದ್ದ ಭಾರವನ್ನು ಸಣ್ಣ ಚಕ್ರ ಒಂದು ಗೆರೆಯ ಮೇಲೆ ಹೇರುತ್ತದೆ. ಮೇಲ್ಮೈ ಹೊಪ್ಪಳಿಕೆ ಏಳುತ್ತದೆ. ಉಬ್ಬಿನ ಆಕಾರವೂ ಬೇರೆ ಬೇಕು. ಉಕ್ಕಿನ ಕ್ಯಾಮನ್ನು ಕೊಯಿಮತ್ತೂರಿನಲ್ಲೋ ಪುಣೆಯಲ್ಲೋ ಒಂದಕ್ಕೊಂದು ಎಂದು ಮಾಡಿಸಬೇಕು. ಉಬ್ಬು ಬೇರಿಂಗಿನೊಳಗಿಂದ ತೂರಿ ಬರಬೇಕಾದ್ದರಿಂದ ಎಷ್ಟು ಬೇಕಾದರೂ ಎತ್ತರ ಮಾಡುವಂತಿಲ್ಲ. ಕ್ಯಾಮ್ ಉಕ್ಕಿನದಾದರೆ ಅದರಿಂದ ತಿರುಗುವ ಡಿಸ್ಟ್ರಿಬ್ಯೂಟರ್ ಗೇರು ಸವೆಯುತ್ತದೆ, ಅದಕ್ಕೆ ಹೊಂದುವ ಕಂಚಿನ ಗೇರು ಬೇಕು. ರೋಲರ್ ಟ್ಯಾಪೆಟ್ ಎತ್ತರ ಹೆಚ್ಚು, ಆದ್ದರಿಂದ ಪುಶ್‌ರಾಡ್ ಗಿಡ್ಡ ಮಾಡಿಸಬೇಕು. ಟ್ಯಾಪೆಟ್ ಭಾರ ಹೆಚ್ಚು, ಆದ್ದರಿಂದ ವಾಲ್ವ್ ಸ್ಪ್ರಿಂಗ್ ಬಲವಾದದ್ದು ಬೇಕು. ಸ್ಪ್ರಿಂಗ್ ಬಲವಾದರೆ ಹಳೇ ರಾಕರ್ ಶಾಫ್ಟಿನ ಮೇಲೆ ಒತ್ತಡ ಹೆಚ್ಚು, ಆದ್ದರಿಂದ ರಾಕರ್ ಶಾಫ್ಟು, ಬುಷ್ಷು ಬದಲಿಸಬೇಕು. ಬುಷ್ ಬದಲಿಸುವ ವಿಚಾರಕ್ಕೆ 'ಮೊದಲ ಪರೀಕ್ಷೆ' ವಿಭಾಗ ನೋಡಿ.

ಹಂತ 5: ಕಾಯುವುದು.

ಹಂತ 6: ಮೊದಲ ಸ್ಟಾರ್ಟ್

ರೋಲರಿನ ಪರವಾಗಿ ಈ ಕೈಪಿಡಿ ಮನಃಪೂರ್ವಕ ಹೇಳಬಹುದಾದ ಒಂದು ಮಾತು ಇಲ್ಲಿದೆ. ಹೊಸ ಉಜ್ಜುವ ಕ್ಯಾಮ್ ಹಾಕಿದ ಇಂಜಿನ್ನನ್ನು ಮೊದಲ ಸಲ ಸ್ಟಾರ್ಟ್ ಮಾಡಿದ ಕೂಡಲೇ 2,000 ಸುತ್ತಿಗೆ ಏರಿಸಿ ಇಪ್ಪತ್ತು ನಿಮಿಷ ಹಾಗೇ ಇಡಬೇಕು. ಸಾವಕಾಶ ಓಡಲು ಬಿಡಬಾರದು. ನಿಧಾನಕ್ಕೆ ತಿರುಗುವಾಗ ಕ್ಯಾಮಿಗೆ ಎಣ್ಣೆಯ ಸಿಂಚನ ಸಾಲದು, ಹೊಂದಿಕೊಳ್ಳುವ ಮೊದಲೇ ಉಬ್ಬು ಸವೆಯುತ್ತದೆ. ನಮ್ಮಲ್ಲಿ ಆಗುವುದೇನು? ಇಂಜಿನ್ ಕೆಲಸ ಮುಗಿದ ಗಾಡಿಯನ್ನು ನೇರ ಇಡಗುಂಜಿಗೆ ಒಯ್ಯುತ್ತಾರೆ. ಗಣಪತಿಯ ಎದುರು ನಿಲ್ಲಿಸಿ, ಬಾನೆಟ್ಟಿಗೆ ಹೂವು, ಚಕ್ರದಡಿಗೆ ಲಿಂಬೆಹಣ್ಣು. ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗದಿದ್ದರೆ ಎಂಬ ಭಯಕ್ಕೆ ಇಂಜಿನ್ ಮಾತ್ರ ಬುಡುಬುಡು ಓಡುತ್ತಲೇ ಇರುತ್ತದೆ. ಮಂಗಳಾರತಿ ಮುಗಿಯುವ ಹೊತ್ತಿಗೆ ಹೊಸ ಕ್ಯಾಮಿನ ಆಯುಷ್ಯ ಎಷ್ಟು ಉಳಿದಿತ್ತೋ. ರೋಲರಿಗೆ ಈ ಇಪ್ಪತ್ತು ನಿಮಿಷದ ವ್ರತ ಬೇಡ. ಆದರೆ ಅದರ ಸೂಜಿ ಬೇರಿಂಗಿಗೂ ಎಣ್ಣೆ ಬರುವುದು ಸಿಡಿತದಿಂದಲೇ ಆದ್ದರಿಂದ ಭಟ್ಟರಿಗೆ ಸ್ವಲ್ಪ ಬೇಗ ಮುಗಿಸಲು ವಿನಂತಿಸುವುದು ಕ್ಷೇಮ.

ಹಂತ 7: ಓಡಿಸಿ ನೋಡುವುದು

ಕುಮಟಾದವರು ದೇವಿಮನೆ ಘಟ್ಟ ಹತ್ತಿ ಶಿರಸಿಯ ಕಡೆಗೆ. ಹೊನ್ನಾವರದವರು ಗೇರುಸೊಪ್ಪೆ ದಾಟಿ ಮಾಲೆಮನೆ ಘಟ್ಟ. ಭಟ್ಕಳದವರಿಗೆ ಕೋಗಾರ್. ಮೂರರಲ್ಲೂ ಒಂದೇ ಫಲಿತಾಂಶ ನಿರೀಕ್ಷಿಸಿ: ಮೊದಲು ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ಕಡೆ ಈಗಲೂ ಎರಡನೇ ಗೇರೇ. ನಾಲ್ಕು ಸಾವಿರ ಸುತ್ತು ಮುಟ್ಟುವುದೇ ಅಪರೂಪವಾದ ಇಂಜಿನ್ನಿನಲ್ಲಿ ಟ್ಯಾಪೆಟ್ಟಿನ ಉಜ್ಜಾಟ ಉಳಿಸಿ ಸಿಗುವ ಶಕ್ತಿಯನ್ನು ಹಿಂದಿನ ಸೀಟಿನ ಅತ್ತೆ-ಮಾವ ತಿಂದು ಮುಗಿಸುತ್ತಾರೆ. ಜೊತೆಗೆ ಬಂದವರು 'ಹೆಂಗೆ, ಪಿಕಪ್ ಬಂತಾ?' ಎಂದು ಕೇಳಿದರೆ 'ಸ್ಮೂತ್ ಆಗಿದೆ' ಎನ್ನಿ. ಇದನ್ನು ಅಳೆಯುವ ಗೇಜ್ ಯಾರ ಹತ್ತಿರವೂ ಇಲ್ಲ.

ತೊಂದರೆಗಳು, ಪರಿಹಾರ

ಎಣ್ಣೆಯಲ್ಲಿ ಹಳದಿ ಮಿಣುಕು ಕಂಡರೆ ಅದು ಕಂಚಿನ ಡಿಸ್ಟ್ರಿಬ್ಯೂಟರ್ ಗೇರು, ಇನ್ನೊಂದು ತರಿಸಿಟ್ಟುಕೊಳ್ಳಿ. ಬಿಳಿ ಮಿಣುಕು ಕಂಡರೆ ಇಂಜಿನ್ ತಕ್ಷಣ ನಿಲ್ಲಿಸಿ, ಸೂಜಿ ಬೇರಿಂಗ್ ಹೋಗಿದೆ, ಸೂಜಿಗಳು ಆಯಿಲ್ ಪಂಪಿನ ದಾರಿ ಹಿಡಿದಿರಬಹುದು. ಬದಿಯ ಮುಚ್ಚಳದಲ್ಲಿ ಎಣ್ಣೆ ಜಿನುಗಿದರೆ ಗಾಬರಿ ಬೇಡ, ಅದು ಮೊದಲೂ ಜಿನುಗುತ್ತಿತ್ತು.

ಕಾರು ಮಾರುವ ಪ್ರಸಂಗ ಬಂದರೆ ಕೊಳ್ಳುವವನು ಬೆಂಗಳೂರಿನ ಹಳೆ ಕಾರಿನ ಶೋಕಿಯವನಾಗಿರುತ್ತಾನೆ. ಬಾನೆಟ್ ಎತ್ತಿದ ಕೂಡಲೇ ಅವನು ಕೇಳುವುದು 'ಎಲ್ಲಾ ಒರಿಜಿನಲ್ ತಾನೇ?' ಎಂದು. ಅದಕ್ಕೇ ಒಂದರಿಂದ ಎಂಟರವರೆಗೆ ನಂಬರ್ ಹಾಕಿಸಿದ್ದು. ಮೂವತ್ತು ಥೌ ಕೊರೆದ ಬೋರುಗಳಿಗೆ ಸ್ಲೀವ್ ಹೊಡೆಸಿ 13/16ಕ್ಕೆ ತನ್ನಿ, ಹಳೆ ಕ್ಯಾಮನ್ನು ಅಟ್ಟದಿಂದ ಇಳಿಸಿ, ಉಳಿದದ್ದಕ್ಕೆ ಮೇಲಿನ ಹಂತಗಳನ್ನು ಕೆಳಗಿನಿಂದ ಮೇಲಕ್ಕೆ ಓದಿಕೊಳ್ಳಿ.